ಗೋಡೆಗೆ ಬೆಣೆ ಕೊಟ್ಟ ಕೈ

"ಇಳಿಯಮ್ಮ ಕೆಳಗೆ! ಇನ್ನೊಂದು ಹೆಣ ಹೊರೋ ಶಕ್ತಿ ನನಗಿಲ್ಲ," ಎಂದು ಸಬ್ ಇನ್‌ಸ್ಪೆಕ್ಟರ್ ಝೀಸಿಸ್ ಏಣಿಯ ಬುಡದಿಂದ ಕೂಗಿದ.

ನಾನು ಇಳಿಯಲಿಲ್ಲ. ನನ್ನ ಬಲಗೈ ಮೊಣಕೈವರೆಗೂ ಗೋಡೆಯೊಳಗಿತ್ತು.

"ಅಳತೆ ಬರ್ಕೋ. ಕಲ್ಲು ಕಿತ್ತುಹೋದ ಜಾಗ, ಉದ್ದ ನೂರ ಹದಿನೆಂಟು ಸೆಂಟಿಮೀಟರ್."

"ಬರ್ಕೊಂಡೆ. ಏನೀಗ?"

"ಈಗ ನಿನ್ನ ಕಾಲ ಹತ್ತಿರ ಬಿದ್ದಿದೆಯಲ್ಲ ಕಲ್ಲು, ಸ್ಟೆರ್ಯೋಸ್ ಎದೆ ಮೇಲಿಂದ ಉರುಳಿಸಿ ಪಕ್ಕಕ್ಕಿಟ್ರಲ್ಲ, ಅದನ್ನ ಅಳೆ."

ಟೇಪು ಸರ್ರೆಂದು ಎಳೆದ ಸದ್ದು ಬಂತು.

"ತೊಂಬತ್ನಾಲ್ಕು."

"ಇನ್ನೊಂದ್ಸಲ ಅಳೆ."

"ತೊಂಬತ್ನಾಲ್ಕೇ ಕಣಮ್ಮ ಲೆಮೋನ್ಯಾ. ಎಷ್ಟು ಸಲ ಅಳೆದ್ರೂ ಕಲ್ಲು ಬೆಳೆಯಲ್ಲ."

"ಹಾಗಾದ್ರೆ ಆ ಕಲ್ಲು ಇಲ್ಲಿಂದ ಬಿದ್ದಿದ್ದಲ್ಲ."

ಝೀಸಿಸ್ ಟೋಪಿ ತೆಗೆದು ತಲೆ ಕೆರೆದುಕೊಂಡ.

ಮೂವತ್ತೆಂಟು ದಿನದ ಹಿಂದೆ, ಆಗಸ್ಟ್ ಏಳರ ಮಧ್ಯಾಹ್ನ, ವಿಗ್ಲಾ ಗೋಪುರದ ಕಾವಲುಗಾರ ಸ್ಟೆರ್ಯೋಸ್ ಇದೇ ಗೋಡೆಯ ಕೆಳಗೆ ಸತ್ತು ಬಿದ್ದಿದ್ದ. ಕುಡಿದ ಮತ್ತಿನಲ್ಲಿ, ತಾನು ಕಾಯಬೇಕಾದ ಗೋಡೆಯಿಂದಲೇ ಕಲ್ಲು ಕದಿಯಲು ಹೋಗಿ, ಅದು ಮೈಮೇಲೆ ಬಿದ್ದು ಸತ್ತ ಎಂದು ಬರೆದು ಝೀಸಿಸ್ ಕಡತ ಮುಚ್ಚಿದ್ದ.

ನಾನಾಗ ವೋಲೋಸ್‌ನ ಆಸ್ಪತ್ರೆಯಲ್ಲಿ ಅಕ್ಕನ ಮಂಚದ ಪಕ್ಕ ಕೂತಿದ್ದೆ. ಊರಲ್ಲಿದ್ದಿದ್ದರೆ ಮೊದಲ ದಿನವೇ ಟೇಪು ತಂದು ಇವನ ಮೂಗಿನ ಮುಂದೆ ಹಿಡಿಯುತ್ತಿದ್ದೆ. ಗೋಡೆ ಬರೆಯುವುದು ನನ್ನ ಕಸುಬು. ಇಪ್ಪತ್ತೆರಡು ವರ್ಷದಿಂದ ಈ ಬೆಟ್ಟಸಾಲಿನ ಹಳೆಯ ಕೋಟೆಗಳ ಒಂದೊಂದು ಕಲ್ಲನ್ನೂ ಅಳೆದು, ಚೌಕಳಿ ಹಾಳೆಯ ಮೇಲೆ ಇಳಿಸಿ, ನಂಬರು ಕೊಡುತ್ತ ಬಂದಿದ್ದೇನೆ. ಈಗ ಖಾಲಿಯಾಗಿರುವುದು ಇನ್ನೂರ ಹದಿನಾಲ್ಕನೇ ಕಲ್ಲಿನ ಜಾಗ. ನನ್ನ ಹಾಳೆಯ ಪ್ರಕಾರ ಉದ್ದ ನೂರ ಹದಿನೆಂಟು, ಎಡ ಮೇಲ್ಮೂಲೆ ಮುಕ್ಕು, ತೂಕ ಏನಿಲ್ಲವೆಂದರೂ ಏಳುನೂರು ಕಿಲೋ.

"ಆ ಕಲ್ಲನ್ನ ಮಗುಚಿ ನೋಡು," ಎಂದೆ. "ಹೊಟ್ಟೆಗೆ ಏನಂಟಿದೆ?"

"ಮಣ್ಣು. ಇರುವೆ ಗೂಡಿನ ಮಣ್ಣು."

"ನಾಲ್ಕನೇ ವರಸೆಯಲ್ಲಿ, ಕಲ್ಲಿಗೂ ಕಲ್ಲಿಗೂ ಮಧ್ಯೆ ಕೂದಲು ತೂರದ ಕಡೆ, ಇರುವೆ ಮಣ್ಣು ಹೊತ್ಕೊಂಡು ಬಂದು ಮನೆ ಕಟ್ತಾ ಝೀಸಿಸ್? ಅದು ನೂರಾರು ವರ್ಷದಿಂದ ಗೋಡೆ ಪಕ್ಕದ ಆ ದಿಬ್ಬದ ಮೇಲೆ ಬಿದ್ದಿದ್ದ ಕಲ್ಲು. ಯಾರೋ ಹಾರೆ ಹಾಕಿ ಅವನ ಮೇಲೆ ಉರುಳಿಸಿದ್ದಾರೆ."

"ಸಾರಾಯಿ ಬಾಟ್ಲಿ ಸಿಕ್ತಲ್ಲ ಹೆಣದ ಪಕ್ಕದಲ್ಲಿ."

"ಬಾಟ್ಲಿ ಸಿಕ್ತು. ರಕ್ತ ಪರೀಕ್ಷೆ ಮಾಡಿಸಿದ್ಯಾ?"

"ಬಾಟ್ಲಿ ಸಿಕ್ಕ ಮೇಲೆ ಪರೀಕ್ಷೆ ಯಾಕೆ ಅಂತ..."

ನನಗೆ ಮೈಯೆಲ್ಲ ಉರಿಯಿತು. ಹೋದ ವರ್ಷ ಭುಜ ಮುರಿದುಕೊಂಡ ಮೇಲೆ ಸ್ಟೆರ್ಯೋಸ್‌ನ ಬಲಗೈ ಕಿವಿಯಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಅಂಗಿಯನ್ನು ಹೆಂಡತಿ ಎವಾಂಥಿಯಾ ತೊಡಿಸಬೇಕಿತ್ತು. ಅಂಥವನು ಅರವತ್ನಾಲ್ಕನೇ ವಯಸ್ಸಿನಲ್ಲಿ, ಒಬ್ಬನೇ, ನಡು ಬಿಸಿಲಿನಲ್ಲಿ ಏಳುನೂರು ಕಿಲೋ ಕಲ್ಲು ಕಿತ್ತನಂತೆ! ಬರೆದವನಿಗೆ ನಾಚಿಕೆಯಾಗಲಿಲ್ಲ, ಓದಿದವರಿಗೂ ಆಗಲಿಲ್ಲ.

ಇದಕ್ಕಿಂತ ಹೊಟ್ಟೆ ಉರಿಯುವುದು ಇನ್ನೊಂದಿದೆ. ಬೆಟ್ಟದ ನೆತ್ತಿಗೆ ಕರೆಂಟು ಮಾಡುವ ಗಾಳಿಗಿರಣಿ ಸಾಗಿಸಲು ಈ ಕಣಿವೆಯಲ್ಲೇ ರಸ್ತೆ ಬರಬೇಕು. ಗೋಪುರ ಅಡ್ಡ ನಿಂತಿದೆ. ರಸ್ತೆ ಮಾಡುವವರು ಕರೆತಂದ, ಹಳೆಯ ಕಟ್ಟಡಗಳ ಪಂಡಿತ ಡಾಕ್ಟರ್ ವೂರಿಸ್ ಎರಡು ಮಧ್ಯಾಹ್ನ ಇಲ್ಲಿ ತಿರುಗಾಡಿ, ಆರು ಪುಟ ಬರೆದು, ಇದು ಕೋಟೆಯೇ ಅಲ್ಲ, ಇತ್ತೀಚಿನ ಕುರಿಹಟ್ಟಿ ಎಂದು ಸಹಿ ಹಾಕಿದ. ಎರಡು ಸಾವಿರದ ಮುನ್ನೂರು ವರ್ಷ ಈ ದಾರಿ ಕಾದ ಗೋಡೆ ಕುರಿಹಟ್ಟಿ, ಮೂವತ್ತು ವರ್ಷ ಆ ಗೋಡೆ ಕಾದವನು ಕಳ್ಳ.

"ಸರಿ, ಇಳಿ ಈಗ," ಎಂದ ಝೀಸಿಸ್. ದನಿ ಮೆತ್ತಗಾಗಿತ್ತು. "ಮೇಲಿನ ಕಲ್ಲು ಕುಸಿದ್ರೆ ಕೈ ಹೋಗುತ್ತೆ."

ಅದೇ ನನ್ನನ್ನೂ ಕಾಡುತ್ತಿತ್ತು. ಕೆಳಗಿನ ಕಲ್ಲು ಹೋದ ಮೇಲೆ ಮೇಲಿನ ಎರಡು ವರಸೆ ಕುಸಿಯಬೇಕಿತ್ತು, ಯಾಕೆ ಕುಸಿದಿಲ್ಲ? ಕೈಯನ್ನು ಇನ್ನಷ್ಟು ಒಳಗೆ ತೂರಿಸಿ ತಡವಿದೆ. ಬೆರಳಿಗೆ ಒಂದು ಕಲ್ಲಿನ ಬೆಣೆ ಸಿಕ್ಕಿತು. ಪಕ್ಕದಲ್ಲಿ ಇನ್ನೊಂದು. ಒಟ್ಟು ನಾಲ್ಕು. ಹಿಂದಿನಿಂದ ಮುಂದಕ್ಕೆ ಬಿಗಿಯಾಗಿ ಹೊಡೆದು, ಮೇಲಿನ ಕಲ್ಲನ್ನು ಹೆಗಲ ಮೇಲೆ ಹೊತ್ತ ಹಾಗೆ ನಿಲ್ಲಿಸಿದ್ದರು.

ಕದಿಯಲು ಬಂದ ಕುಡುಕ ಗೋಡೆಗೆ ಬೆಣೆ ಕೊಟ್ಟು ಹೋಗುವುದಿಲ್ಲ. ಕೊಲ್ಲಲು ಬಂದವನೂ ಕೊಡುವುದಿಲ್ಲ. ಗೋಡೆಯ ಬಾಯಿ ತೆರೆದು ಬಿಟ್ಟುಹೋಗಲು ಮನಸ್ಸು ಬಾರದ ಒಂದೇ ಜಾತಿಯ ಜನ ಇದ್ದಾರೆ, ಅವರು ಕಲ್ಲುಕುಟಿಗರು.

ಬೆಣೆಗೂ ಕಲ್ಲಿಗೂ ನಡುವೆ ಏನೋ ತೆಳ್ಳಗೆ ಸಿಕ್ಕಿತು. ಅದರ ಮುರಿದ ತುದಿ ನನ್ನ ಉಗುರಿಗೆ ಅಂಟಿ ಹೊರಬಂತು. ಹೆಂಚಿನ ಚೂರು.

ಬೆಣೆಯನ್ನು ಎಲ್ಲರೂ ಹೊಡೆಯುತ್ತಾರೆ. ಆದರೆ ಕಲ್ಲಿಗೆ ಕಲ್ಲು ನೇರ ತಾಗಬಾರದು, ನಡುವೆ ಮೆತ್ತೆ ಬೇಕು ಎಂದು ಹೆಂಚಿನ ಚೂರು ಇಡುವವನು ಈ ಸೀಮೆಗೆಲ್ಲ ಒಬ್ಬನೇ. ನನಗೆ ಗೋಡೆ ಓದಲು ಕಲಿಸಿದವನು. ಕೊಸ್ಮಾಸ್ ಮೇಸ್ತ್ರಿ.

"ಏನು ಸಿಕ್ತು?" ಎಂದ ಝೀಸಿಸ್.

"ಬೆಣೆ," ಎಂದೆ. ಹೆಂಚಿನ ಚೂರು ಆಗಲೇ ನನ್ನ ಜೇಬಿನಲ್ಲಿತ್ತು. "ಸಂಜೆವರೆಗೆ ಯಾರ ಹತ್ರಾನೂ ಬಾಯಿ ಬಿಡಬೇಡ. ನೂರ ಹದಿನೆಂಟರ ಕಲ್ಲು ಎಲ್ಲಿದೆ ಅಂತ ಹುಡುಕಬೇಕು. ಅದು ಸಿಕ್ಕರೆ ಕಳ್ಳ ಸಿಕ್ಕ."

"ನನ್ನ ಬಾಯಿಗೆ ಬೀಗ ಅಂತ ತಿಳ್ಕೋ."

ಬೀಗ ಎಂದಾಗ ಅವನು ನನ್ನ ಕಣ್ಣು ನೋಡಲಿಲ್ಲ. ಅದನ್ನು ನಾನು ಗಮನಿಸಿದೆ, ಆದರೂ ಸುಮ್ಮನಿದ್ದೆ. ನಾನೇನು ಅವನಿಗೆ ಎಲ್ಲವನ್ನೂ ಹೇಳಿದ್ದೆನೇ?

ಊರೊಳಗೆ ಬಂದಾಗ ಎವಾಂಥಿಯಾ ಅಂಗಳದಲ್ಲಿ ಗೋಧಿ ಆರಿಸುತ್ತಿದ್ದಳು. ಮೆಟ್ಟಿಲ ಮೇಲೆ ನಾಳೆಯ ಶಿಲುಬೆಯ ಹಬ್ಬಕ್ಕೆ ಚರ್ಚಿಗೆ ಕೊಡಬೇಕಾದ ಕಾಮಕಸ್ತೂರಿಯ ಕುಂಡವಿತ್ತು. ನನ್ನನ್ನು ಕಂಡು ಕುರ್ಚಿ ಸರಿಸಿದಳು.

"ಭಾನುವಾರಕ್ಕೆ ಅವನು ಹೋಗಿ ನಲವತ್ತು ದಿನ," ಎಂದಳು. "ಅವನ ಹೆಸರಲ್ಲಿ ಹಂಚೋಕೆ ಐದು ಕಿಲೋ ಕೋಲಿವಾ ಬೇಯಿಸ್ತೀನಿ."

"ಐದು ಯಾಕಕ್ಕ? ಒಂಬತ್ತನೇ ದಿನ ಮೂರು ಮಾಡಿದ್ದೆ ಅಂದ್ರು."

"ಮಾಡಿದ್ದೆ. ಗೋಧಿ, ದಾಳಿಂಬೆ, ಬಾದಾಮಿ, ಮೇಲೆ ಸಕ್ಕರೆಯಲ್ಲಿ ಶಿಲುಬೆ. ಚರ್ಚಿನ ಬಾಗಿಲಲ್ಲಿ ತಟ್ಟೆ ಹಿಡ್ಕೊಂಡು ನಿಂತೆ. ಒಬ್ಬೊಬ್ಬರೂ ಪಕ್ಕದಿಂದ ಹೋದ್ರು. ಒಬ್ಬಳಿಗೆ ಸಕ್ಕರೆ ಕಾಯಿಲೆ, ಒಬ್ಬಳಿಗೆ ಹಲ್ಲುನೋವು. ಮದುವೇಲಿ ಹಲ್ವಾ ನುಂಗೋವಾಗ ಇಲ್ಲದ ಹಲ್ಲುನೋವು! ಒಂದು ಚಮಚ, ಲೆಮೋನ್ಯಾ. ದೇವರು ಅವನನ್ನ ಕ್ಷಮಿಸಲಿ ಅಂತ ಒಂದು ಚಮಚ ತಿನ್ನೋಕೆ ಯಾರಿಗೂ ಬಾಯಿ ಬರಲಿಲ್ಲ. ಕಳ್ಳನ ಕೋಲಿವಾ ಅಲ್ವಾ? ಎಲ್ಲ ಹಕ್ಕಿಗೆ ಸುರಿದೆ."

ಗೋಧಿಯಲ್ಲಿ ಸಿಕ್ಕ ಕಲ್ಲನ್ನು ಅವಳು ಬೇಲಿಯಾಚೆ ಎಸೆದಳು.

"ಅವನು ಸತ್ತದ್ದು ದೇವಮಾತೆಯ ಉಪವಾಸದ ಬುಧವಾರ. ಅಡುಗೆಗೆ ಎಣ್ಣೆ ಸಹ ಹಾಕಿರಲಿಲ್ಲ ನಾನು. ಎಣ್ಣೆ ಮುಟ್ಟದವನು ಸಾರಾಯಿ ಮುಟ್ಟಿದ ಅಂತಾರೆ. ಈ ಸಲ ಐದು ಕಿಲೋ ಮಾಡಿ ಬಾಗಿಲಲ್ಲಿ ನಿಲ್ತೀನಿ. ತಿನ್ನದವರ ಮುಖ ನೋಡ್ಬೇಕು ನಾನು, ಒಂದೊಂದಾಗಿ."

"ತಿಂತಾರೆ ಕಣಕ್ಕ. ತಿನ್ನೋ ಹಾಗೆ ಮಾಡ್ತೀನಿ."

"ಮನುಷ್ಯ ಅಂತ ಇದ್ದದ್ದು ಕೊಸ್ಮಾಸ್ ಒಬ್ಬನೇ," ಎಂದಳು. "ಮೂರನೇ ದಿನ ತಾನೇ ಲಾರಿ ತಂದು, ಕೇಳದೇ, ಗೋರಿ ತಲೆಗಡೆ ಅಂಥ ದೊಡ್ಡ ಕಲ್ಲು ಕೂರಿಸಿ ಹೋದ. ಸಂಜೆ ಹೋಗಿ ಅದನ್ನ ತೊಳೀಬೇಕು."

ಜೇಬಿನಲ್ಲಿದ್ದ ಹೆಂಚಿನ ಚೂರನ್ನು ಒತ್ತಿ ಹಿಡಿದು ಎದ್ದುಬಿಟ್ಟೆ.

ಕೊಸ್ಮಾಸ್‌ನ ಕಲ್ಲಂಗಳ ಊರಿನ ಕೊನೆಯಲ್ಲಿದೆ. ಅಂಜೂರದ ಮರದ ನೆರಳಿನಲ್ಲಿ ಅವನು ಯಾರದೋ ಮನೆಯ ಹೊಸ್ತಿಲು ಕೆತ್ತುತ್ತಿದ್ದ. ಅರವತ್ತೆಂಟಾದರೂ ಉಳಿ ಹಿಡಿದ ಕೈ ನಡುಗುವುದಿಲ್ಲ. ಪಕ್ಕದಲ್ಲಿ ಅವನ ಹಳೆಯ ಲಾರಿ, ಅದರ ಬೆನ್ನ ಮೇಲೆ ಕಲ್ಲೆತ್ತುವ ಸಣ್ಣ ಕ್ರೇನು.

"ಬರೆಯೋರು ಬಂದ್ರು," ಎಂದು ನಕ್ಕ. "ಕಟ್ಟೋರು ಎದ್ದು ನಿಲ್ಬೇಕೇನೋ! ಕೂತ್ಕೋ ಮಗಳೇ, ಕಾಫಿ ಇಡ್ತೀನಿ. ಆಸ್ಪತ್ರೆಯಲ್ಲಿದ್ದ ಅಕ್ಕ ಹೇಗಿದ್ದಾಳೆ?"

"ಕಾಫಿ ಬೇಡ ಮೇಸ್ತ್ರಿ. ಗೋಪುರದಿಂದ ಬರ್ತಾ ಇದೀನಿ."

"ಹೂಂ." ಉಳಿ ನಿಲ್ಲಲಿಲ್ಲ.

"ಕಲ್ಲು ಹೋದ ಜಾಗಕ್ಕೆ ಯಾರೋ ಬೆಣೆ ಹೊಡೆದಿದ್ದಾರೆ."

"ಹೂಂ."

"ಯಾವನೋ ಕೆಲಸ ಬಾರದವನು. ಎರಡು ಬೆಣೆ ಆಗ್ಲೇ ಜಾರಿ ಬಿದ್ದಿವೆ. ಮೇಲಿನ ವರಸೆ ಎರಡು ಬೆರಳು ಕೂತುಬಿಟ್ಟಿದೆ. ಒಂದು ಮಳೆ ಬಂದ್ರೆ ಆ ಮೂಲೆ ಪೂರ್ತಿ ನೆಲಕ್ಕೆ."

ಉಳಿ ನಿಂತಿತು.

"ಸುಳ್ಳು," ಎಂದ.

"ಕಣ್ಣಾರೆ ನೋಡ್ಕೊಂಡು ಬಂದೆ. ಇಷ್ಟು ಹೊಲಸು ಕೆಲಸ ನಾನು ಕಂಡಿಲ್ಲ. ಕಲಿಯೋ ಹುಡುಗರೂ ಹೀಗೆ ಮಾಡಲ್ಲ."

"ಏಯ್, ಜಾರೋಕೆ ಸಾಧ್ಯವೇ ಇಲ್ಲ!" ಸುತ್ತಿಗೆಯನ್ನು ಹೊಸ್ತಿಲ ಮೇಲೆ ಕುಕ್ಕಿದ. "ನಾಲ್ಕಕ್ಕೂ ಹೆಂಚು ಕೊಟ್ಟು, ಒಂದೊಂದನ್ನೂ..."

ಮೇಲೆ ಅಂಜೂರದ ಮರದಲ್ಲಿ ಜೀರುಂಡೆಗಳು ಕಿರುಚುತ್ತಿದ್ದವು.

"ನಾಲ್ಕು ಅಂತ ನಾನು ಹೇಳಲಿಲ್ಲ ಮೇಸ್ತ್ರಿ," ಎಂದೆ. "ಹೆಂಚು ಅಂತಲೂ ಹೇಳಲಿಲ್ಲ."

ಜೇಬಿನಿಂದ ಚೂರು ತೆಗೆದು ಹೊಸ್ತಿಲ ಮೇಲಿಟ್ಟೆ. ಅವನು ಅದನ್ನು ಮುಟ್ಟಲಿಲ್ಲ. ಟೋಪಿ ತೆಗೆದು ಮುಖ ಒರೆಸಿಕೊಂಡ.

"ಜಾರಿಲ್ಲ ತಾನೇ?" ಎಂದು ಕೇಳಿದ, ಸಣ್ಣ ದನಿಯಲ್ಲಿ.

ಅವನು ಮೊದಲು ಕೇಳಿದ್ದು ಅದನ್ನೇ! ಮೂವತ್ತೆಂಟು ದಿನ ಮಣ್ಣಲ್ಲಿದ್ದ ಗೆಳೆಯನ ಬಗ್ಗೆ ಅಲ್ಲ, ಬೆಣೆಯ ಬಗ್ಗೆ. ನನಗೆ ಅಳಬೇಕೋ ಹೊಡೆಯಬೇಕೋ ತಿಳಿಯಲಿಲ್ಲ.

"ಇಲ್ಲ. ನಿನ್ನ ಬೆಣೆ ಗಟ್ಟಿಯಾಗಿದೆ. ಗೋಡೆಗೆ ಬೆಣೆ ಕೊಟ್ಟೆ, ಸ್ಟೆರ್ಯೋಸ್‌ಗೇನು ಕೊಟ್ಟೆ?"

"ನಾನು ಕೊಂದಿಲ್ಲ."

"ಹಾಗಾದ್ರೆ ಹೇಳು."

ಅವನು ಹೊಸ್ತಿಲಿನೊಂದಿಗೆ ಮಾತಾಡುವವನಂತೆ ಶುರುಮಾಡಿದ.

"ಆ ಕಲ್ಲಿನ ಹಿಂಬದಿ ಅಕ್ಷರ ಇದೆ ಅಂತ ಕಂಡುಹಿಡಿದವನು ಸ್ಟೆರ್ಯೋಸೇ. ಮುಕ್ಕಾದ ಮೂಲೆಯಲ್ಲಿ ಕನ್ನಡಿ ಚೂರು ತೂರಿಸಿ ನೋಡಿದ್ನಂತೆ. ಕಂಡವನು ಸುಮ್ನಿರ್ಬೇಕೋ ಬೇಡ್ವೋ? ಓಡಿಹೋಗಿ ವೂರಿಸ್‌ಗೆ ಹೇಳಿದ. ಓದಿದೋರು, ಖುಷಿ ಪಡ್ತಾರೆ ಅಂತ."

"ಅಯ್ಯೋ ದೇವರೇ."

"ಅದಾದ ಎರಡನೇ ದಿನ ವೂರಿಸ್ ನನ್ನ ಹತ್ರ ಬಂದ. ಕಾಗದ ತೋರಿಸಿದ, ಮೇಲೆ ಮೊಹರು. ಕಲ್ಲು ಬಿಚ್ಚಿ ಉಗ್ರಾಣಕ್ಕೆ ಸಾಗಿಸ್ಬೇಕು, ಮಧ್ಯಾಹ್ನ ಊಟದ ಮೇಲೆ ಬಾ ಅಂದ. ಊರೆಲ್ಲ ಮಲಗೋ ಹೊತ್ತಲ್ಲಿ ಸರ್ಕಾರಿ ಕೆಲಸ ಯಾಕೆ ಅಂತ ನಾನು ಕೇಳ್ಬೇಕಿತ್ತು. ಕೇಳ್ಲಿಲ್ಲ. ನಾನು, ಅವನು, ಅವನ ಡ್ರೈವರು. ಕಲ್ಲು ಈಚೆ ತೆಗೆದು ಬೆಣೆ ಹೊಡೆಯೋ ಹೊತ್ತಿಗೆ ಸ್ಟೆರ್ಯೋಸ್ ಬಂದ. ಅವನೆಲ್ಲಿ ಮಧ್ಯಾಹ್ನ ಮಲಗ್ತಿದ್ದ?"

"ಆಮೇಲೆ?"

"ಜಗಳಕ್ಕೇ ಬಂದ. ಆದ್ರೆ ಕಲ್ಲಿನ ಹಿಂಬದಿ ಕಂಡದ್ದೇ ಸುಮ್ಮನಾಗ್ಬಿಟ್ಟ. ಮಂಡಿಯೂರಿ ಕೂತು ಬೆರಳಿಟ್ಟು ಓದಿದ. ಹನ್ನೊಂದು ಹೆಸರು ಮಗಳೇ. ಆ ಕಾಲದಲ್ಲಿ ಅಲ್ಲಿ ಕಾವಲಿದ್ದೋರ ಹೆಸರು. ಪಟಾಲಮ್ಮಿನಲ್ಲಿ ಹಾಜರಿ ಕೂಗ್ತಾರಲ್ಲ, ಹಾಗೆ ಒಂದೊಂದಾಗಿ ಕೂಗಿ ಓದಿದ. 'ನೋಡೋ ಕೊಸ್ಮಾಸ್, ನನ್ನದೇ ಕೆಲಸ ಮಾಡ್ದೋರು' ಅಂದ."

ಕೊಸ್ಮಾಸ್‌ನ ದನಿ ಒಡೆಯಿತು. ನನ್ನ ಕಣ್ಣೂ ಒದ್ದೆಯಾಯಿತು, ಮುಚ್ಚಿಡುವುದೇನಿದೆ. ಹನ್ನೊಂದು ಹೆಸರಿನ ಒಂದೇ ಕಲ್ಲು ಸಾಕಿತ್ತು, ಕುರಿಹಟ್ಟಿಯ ಆರು ಪುಟ ಕಸದ ಬುಟ್ಟಿಗೆ ಹೋಗುತ್ತಿತ್ತು, ರಸ್ತೆ ಬೇರೆ ದಾರಿ ಹುಡುಕಬೇಕಾಗುತ್ತಿತ್ತು.

"ಅಥೆನ್ಸ್‌ನ ಇಲಾಖೆಗೆ ಫೋನ್ ಮಾಡ್ತೀನಿ ಅಂತ ಕೂಗಾಡ್ದ. ವೂರಿಸ್ ನನಗೆ, ನೀನು ಹೊರಡು, ಕಲ್ಲನ್ನ ಒಡೆದು ಜಲ್ಲಿ ಮಾಡು ಅಂದ. ನಾನು ಹೇರ್ಕೊಂಡು ಹೊರಟೆ. ತಿರುಗಿ ನೋಡ್ದಾಗ ಸ್ಟೆರ್ಯೋಸ್ ನಿಂತಿದ್ದ, ಜೀವಂತ. ಅವನೆದುರು ವೂರಿಸ್. ಐದು ಗಂಟೆಗೆ ಕುರಿಯವರು ಬಂದು ಅವನು ಸತ್ತ ಅಂತ ಹೇಳಿದ್ರು."

"ಮತ್ತೆ ನೀನು ಬಾಯಿ ಮುಚ್ಕೊಂಡೆ."

"ಕಲ್ಲು ಕಿತ್ತವನು ನಾನಲ್ವಾ! ಯಾರು ನಂಬ್ತಿದ್ರು?"

"ಎವಾಂಥಿಯಾ ನಂಬ್ತಿದ್ಲು!" ನನಗೆ ತಡೆಯಲಾಗಲಿಲ್ಲ. "ಅವಳು ಚರ್ಚಿನ ಬಾಗಿಲಲ್ಲಿ ತಟ್ಟೆ ಹಿಡ್ಕೊಂಡು ಭಿಕ್ಷೆಯವಳ ಹಾಗೆ ನಿಂತಿದ್ಲಲ್ಲ, ಆಗ ನೀನೆಲ್ಲಿದ್ದೆ? ಒಂದು ಚಮಚ ಕೋಲಿವಾ ತಿನ್ನೋಕೆ ನೀನೂ ಬರಲಿಲ್ಲ. ನಿನ್ನ ಮದುವೇಲಿ ತಲೆ ಮೇಲೆ ಕಿರೀಟ ಹಿಡಿದು ಸಾಕ್ಷಿ ನಿಂತವನು ಕಣೋ ಅವನು!"

"ಗಂಟಲಲ್ಲಿ ಇಳೀತಿರ್ಲಿಲ್ಲ," ಎಂದ.

"ನಿನ್ನ ಗಂಟಲು! ಮೂವತ್ತೆಂಟು ದಿನದಿಂದ ಒಬ್ಬ ಸತ್ತವನನ್ನ ಊರೆಲ್ಲ ಕಳ್ಳ ಅಂತಿದೆ, ನಿನಗೆ ನಿನ್ನ ಗಂಟಲಿನ ಚಿಂತೆ!"

ಅವನು ಕೈಗಳನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು ಕೂತಿದ್ದ. ಇಪ್ಪತ್ತೆರಡು ವರ್ಷದ ಹಿಂದೆ, ಏನೂ ತಿಳಿಯದ ಹುಡುಗಿಯ ಕೈ ಹಿಡಿದು, ಕಲ್ಲಿನ ಅಂಚು ತಡವಿಸಿ, ಇದು ಕಟ್ಟಿದವನ ಸಹಿ ಎಂದು ತೋರಿಸಿದ ಕೈಗಳು ಅವು. ನನಗೆ ಅವನ ಮೇಲೆ ಬಂದ ಸಿಟ್ಟು ಹೆತ್ತವರ ಮೇಲೆ ಬರುವ ಸಿಟ್ಟಿನಂಥದು, ಎಲ್ಲಿ ಎಸೆಯಬೇಕೋ ತಿಳಿಯದಂಥದು.

"ಕಲ್ಲು ಎಲ್ಲಿ?" ಎಂದೆ. "ಒಡೆದೆಯಾ?"

"ಒಡೀತೀನಾ ನಾನು?" ತಲೆ ಎತ್ತಿದ. ಮೊದಲ ಬಾರಿಗೆ ಅವನ ಕಣ್ಣಲ್ಲಿ ಹಳೆಯ ಕೊಸ್ಮಾಸ್ ಕಂಡ. "ಅದನ್ನ ಕಾಯಬೇಕಾದವನು ಯಾರು? ಅವನ ಹತ್ರವೇ ಬಿಟ್ಟೆ. ಅಕ್ಷರ ಮಣ್ಣಿನ ಕಡೆ ಮಾಡಿ, ತಲೆಗಡೆ ಕೂರಿಸಿದೆ."

ನನಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು, ಗೋರಿಯ ಮೇಲಿನ ಕಲ್ಲೇ ಅದು. ಊರಿಗೆ ಬಂದ ದಿನ ಮೊದಲು ಹೋದದ್ದೇ ಸ್ಟೆರ್ಯೋಸ್‌ನ ಗೋರಿಗೆ. ಆ ಕಲ್ಲಿನ ಮೇಲೆ ನನ್ನ ಕೈಯಾರೆ ಎಣ್ಣೆ ದೀಪ ಹಚ್ಚಿ ಬಂದಿದ್ದೆ. ಬೆಟ್ಟಸಾಲಿನ ಕಲ್ಲುಗಳನ್ನೆಲ್ಲ ನಂಬರಿನಿಂದ ಗುರುತಿಸುತ್ತೇನೆ ಎಂದು ಜಂಬ ಪಡುವ ನನಗೆ, ಮಗುಚಿಟ್ಟ ಒಂದು ಕಲ್ಲು ಗೊತ್ತಾಗಿರಲಿಲ್ಲ.

"ಏಳು," ಎಂದೆ. "ಝೀಸಿಸ್ ಮುಂದೆ ಇದಿಷ್ಟನ್ನೂ ಹೇಳು. ಇವತ್ತೇ, ಈಗಲೇ. ಭಾನುವಾರದ ಒಳಗೆ ಅವನ ಹೆಸರು ತೊಳೀಬೇಕು."

ಅವನು ಎದ್ದ. ಬಾವಿಕಟ್ಟೆಯಲ್ಲಿ ಮುಖ ತೊಳೆದು, ಒಗೆದ ಅಂಗಿ ಹಾಕಿಕೊಂಡು ಬಂದ.

"ಹೇಳ್ತೀನಿ ಮಗಳೇ. ನಿದ್ದೆಯಾದ್ರೂ ಬರುತ್ತೆ."

ನಾನು ನಂಬಿದೆ.

ಲಾರಿ ಸ್ಮಶಾನದ ತಿರುವಿಗೆ ಬಂದಾಗ ಸೈಪ್ರೆಸ್ ಮರಗಳ ಕೆಳಗೆ ಪೊಲೀಸ್ ಜೀಪು ಕಾಣಿಸಿತು. ಅದರ ಹಿಂದೆ ಒಂದು ಬಿಳಿ ಕಾರು. ಕೊಸ್ಮಾಸ್ ಬ್ರೇಕ್ ಮೇಲೆ ಕಾಲಿಟ್ಟವನು ತೆಗೆಯಲಿಲ್ಲ.

"ಅವನ ಕಾರು," ಎಂದ.

ಇಳಿದು ಓಡಿದೆ. ಗೋರಿಯ ಪಕ್ಕ ಎವಾಂಥಿಯಾ ನಿಂತಿದ್ದಳು. ಸೆರಗಿನಂತೆ ಕಟ್ಟಿದ್ದ ಏಪ್ರನ್ ಒದ್ದೆಯಾಗಿತ್ತು, ಕೈಯಲ್ಲಿ ಬ್ರಷ್ಷು. ಎದುರಿಗೆ ಝೀಸಿಸ್. ಅವನ ಪಕ್ಕದಲ್ಲಿ ಇಸ್ತ್ರಿಯ ಅಂಗಿ ತೊಟ್ಟು, ಟೇಪನ್ನು ಸುತ್ತುತ್ತ ನಿಂತವನು ಡಾಕ್ಟರ್ ವೂರಿಸ್.

"ನೂರ ಹದಿನೆಂಟು," ಎಂದ ವೂರಿಸ್ ನನ್ನತ್ತ ತಿರುಗಿ. "ನಿಮ್ಮ ಅಳತೆ ಬಹಳ ಉಪಯೋಗಕ್ಕೆ ಬಂತು ಮೇಡಂ. ಹೊಸದಾಗಿ ಎಲ್ಲಿ ದೊಡ್ಡ ಕಲ್ಲು ಕೂತಿದೆ ಅಂತ ಕೇಳಿದ್ರೆ ಸಾಕಾಯ್ತು, ಊರಿನವರೇ ತೋರಿಸಿದ್ರು. ಕದ್ದ ಕಲ್ಲು ಕಳ್ಳನ ಗೋರಿಯಲ್ಲೇ ಇದೆ."

ನಾನು ಝೀಸಿಸ್‌ನ ಮುಖ ನೋಡಿದೆ.

"ಅವರು ತಜ್ಞರು ಅಲ್ವಾ," ಎಂದು ಅವನು ತೊದಲಿದ. "ಒಂದು ಮಾತು ಕೇಳೋಣ ಅಂತ..."

"ಬೀಗ ಅಂದ್ಯಲ್ಲೋ! ಆ ಬೀಗಕ್ಕೆ ಕೀಲಿ ಇವನ ಕೈಲೇ ಕೊಟ್ಟಿದ್ಯಾ?"

"ಏನಿದು ಲೆಮೋನ್ಯಾ?" ಎವಾಂಥಿಯಾ ಕೇಳಿದಳು. "ನಾನೂ ಕಳ್ಳಿ ಅಂತಿದ್ದಾರೆ. ಸ್ಟೇಷನ್ನಿಗೆ ಬಾ ಅಂತಿದ್ದಾರೆ. ನಾಡಿದ್ದು ಅವನಿಗೆ ನಲವತ್ತು."

"ಎಲ್ಲಿಗೂ ಹೋಗ್ಬೇಡ ಅಕ್ಕ. ಈ ಕಲ್ಲು ಯಾರು ಕಿತ್ತರು, ಯಾರು ಕೀಳಿಸಿದರು ಅಂತ ನೋಡಿದವರು ಬಂದಿದ್ದಾರೆ. ಹೇಳು ಮೇಸ್ತ್ರಿ."

ಎಲ್ಲರೂ ತಿರುಗಿದರು. ಕೊಸ್ಮಾಸ್ ಗೇಟಿನ ಬಳಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ವೂರಿಸ್ ಅವನನ್ನು ನೋಡಿ ಮುಗುಳ್ನಕ್ಕ.

"ಹೇಳಿ ಮೇಸ್ತ್ರಿಗಳೇ. ಈ ಕಲ್ಲು ಕೂರಿಸಿದ್ದು ನೀವೇ ಅಲ್ವಾ? ಎಲ್ಲಿಂದ ಬಂತು? ನೆನಪು ಮಾಡ್ಕೊಂಡು, ನಿಧಾನವಾಗಿ ಹೇಳಿ."

ಕೊಸ್ಮಾಸ್ ನನ್ನನ್ನು ನೋಡಲಿಲ್ಲ, ಎವಾಂಥಿಯಾಳನ್ನೂ ನೋಡಲಿಲ್ಲ. ಟೋಪಿಯೊಳಗೆ ನೋಡುತ್ತ ಹೇಳಿದ:

"ಸ್ಟೆರ್ಯೋಸ್ ಮನೆ ಹಿತ್ತಲಲ್ಲಿತ್ತು. ಬದುಕಿದ್ದಾಗಲೇ ತಂದಿಟ್ಟಿದ್ದ. ಗೋರಿಗೆ ಇಡು ಅಂತ ಎವಾಂಥಿಯಾ ಅಂದ್ಲು. ನಾನು ಬರೀ ಇಟ್ಟೆ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಅಂಜೂರದ ಕೆಳಗೆ ದನಿ ಒಡೆದು ಎಲ್ಲ ಹೇಳಿದ ಮನುಷ್ಯ, ಒಗೆದ ಅಂಗಿ ತೊಟ್ಟು ಬಂದ ಮನುಷ್ಯ! ಆ ಮಾತುಗಳನ್ನು ಕೇಳಿದವಳು ನಾನೊಬ್ಬಳೇ. ಸಾಕ್ಷಿ ಎಂದರೆ ಉಗುರಿನಷ್ಟು ಹೆಂಚಿನ ಚೂರು, ಅದೂ ಅವನ ಅಂಗಳದಲ್ಲೇ ಉಳಿದಿತ್ತು; ಗೋಡೆಯೊಳಗಿನ ಹೆಂಚು ಯಾರ ಕೈಯದು ಎಂದು ಓದಬಲ್ಲವಳೂ ನಾನೊಬ್ಬಳೇ.

"ನಾಯಿ," ಎಂದೆ. ಬೇರೆ ಮಾತು ಹೊಳೆಯಲಿಲ್ಲ.

ಎವಾಂಥಿಯಾ ಅಳಲಿಲ್ಲ. ಕೊಸ್ಮಾಸ್‌ನನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಬಾಗಿ, ಕಲ್ಲಿನ ಮೇಲಿದ್ದ ದೀಪವನ್ನೆತ್ತಿ ಪಕ್ಕದ ಗೋರಿಯ ಮೇಲಿಟ್ಟಳು.

"ಕದ್ದದ್ದು ಅಂದ್ರಲ್ಲ," ಎಂದಳು. "ಬೇಡ ನಮಗೆ. ಎತ್ತಿ. ಈಗಲೇ ಎತ್ತಿ, ನನ್ನ ಕಣ್ಣೆದುರಿಗೆ. ಕದ್ದ ಕಲ್ಲಿನ ಕೆಳಗೆ ಅವನು ಒಂದು ರಾತ್ರಿಯೂ ಮಲಗೋದು ಬೇಡ."

"ಎತ್ತಬೇಡಿ!"

ಇಬ್ಬರು ಒಟ್ಟಿಗೆ ಕೂಗಿದ್ದರು. ಒಬ್ಬ ವೂರಿಸ್. ಇನ್ನೊಬ್ಬ ಕೊಸ್ಮಾಸ್.

"ತಜ್ಞರ ಸಮ್ಮುಖದಲ್ಲೇ ಎತ್ತಬೇಕು," ಎಂದು ವೂರಿಸ್ ಸಾವರಿಸಿಕೊಂಡ. "ನಾಳೆ ನನ್ನ ಗಾಡಿ ತರಿಸ್ತೀನಿ."

ಅವನ ಭಯ ನನಗೆ ಅರ್ಥವಾಯಿತು. ಎತ್ತಿದರೆ ಝೀಸಿಸ್‌ನ ಎದುರಿಗೇ ಹನ್ನೊಂದು ಹೆಸರು ಹೊರಬರುತ್ತವೆ. ಆದರೆ ಕೊಸ್ಮಾಸ್? ಅಕ್ಷರದ ಗುಟ್ಟನ್ನು ಅವನಾಗಲೇ ನನಗೆ ಹೇಳಿದ್ದ, ಮತ್ತೆ ಅವನಿಗೇನು ಭಯ? ಅವನ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು.

"ಬೇಡ ಎವಾಂಥಿಯಾ," ಎಂದು ಅವನು ಎರಡು ಹೆಜ್ಜೆ ಮುಂದೆ ಬಂದ. "ಕೈ ಮುಗೀತೀನಿ. ಅದನ್ನ ಅಲ್ಲಾಡಿಸಬೇಡ."

ಗುಂಡಿ ತೋಡುವವನ ಹಾರೆ ಗೋಡೆಗೆ ಒರಗಿತ್ತು. ಎವಾಂಥಿಯಾ ಅದನ್ನು ತಂದು ಕಲ್ಲಿನ ಅಂಚಿಗೆ ತೂರಿಸಿದಳು. ವೂರಿಸ್ ತಡೆಯಲು ಕೈ ಚಾಚಿದ. ನಾಚಿಕೆಯಿಂದಲೋ ಏನೋ, ಝೀಸಿಸ್ ಅವನ ತೋಳು ಹಿಡಿದು ನಿಲ್ಲಿಸಿದ. ನಾನು ಒಂದು ಹಿಡಿಗಾತ್ರದ ಕಲ್ಲನ್ನು ಆರಿಸಿ ಹಾರೆಯ ಕೆಳಗೆ ಬೆಣೆ ಕೊಟ್ಟೆ, ಕೊಸ್ಮಾಸ್ ಕಲಿಸಿದ ಹಾಗೆಯೇ. ಇಬ್ಬರೂ ಮೈಭಾರ ಹಾಕಿ ಒತ್ತಿದೆವು.

ಇನ್ನೂರ ಹದಿನಾಲ್ಕನೇ ಕಲ್ಲು ನಾಲ್ಕು ಬೆರಳು ಎದ್ದಿತು. ನಾನು ಬಗ್ಗಿ ನೋಡಿದೆ. ಮಣ್ಣಿನ ಕಡೆಗಿದ್ದ ಮೈಯಲ್ಲಿ ಅಕ್ಷರಗಳ ಸಾಲು ಕಂಡಿತು. ಅದರ ಕೆಳಗೆ ಮಣ್ಣಿರಲಿಲ್ಲ. ಹಳ್ಳ ತೋಡಿ, ನೀಲಿ ಟಾರ್ಪಾಲಿನಲ್ಲಿ ಸುತ್ತಿ ಹಗ್ಗ ಬಿಗಿದ ಏನೋ ಇಟ್ಟಿದ್ದರು.

ಟಾರ್ಪಾಲಿನ ಹರಿದ ಮೂಲೆಯಿಂದ ಒಂದು ಹಾರೆಯ ತುದಿ ಹೊರಬಂದಿತ್ತು. ಅದಕ್ಕೆ ಒಣಗಿದ ಇರುವೆ ಮಣ್ಣು ಅಂಟಿತ್ತು, ಸ್ಟೆರ್ಯೋಸ್ ಎದೆ ಮೇಲೆ ಉರುಳಿದ ಕಲ್ಲಿಗೆ ಅಂಟಿದ್ದಂಥದೇ. ಆ ತುದಿಯ ಕಬ್ಬಿಣದ ಮೇಲೆ ಉಳಿಯಿಂದ ಕೊರೆದ ಗುರುತನ್ನು ನಾನು ಇಪ್ಪತ್ತೆರಡು ವರ್ಷದಿಂದ ಬಲ್ಲೆ.

ಅದು ಕೊಸ್ಮಾಸ್ ಮೇಸ್ತ್ರಿಯ ಹಾರೆ.